ಮಕ್ಕಳ ಹೆದರಿಕೆಗೆ ಮದ್ದು ಇದೆಯೇ?



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ದನಗಳ ಕಾಲುಬಾಯಿ ಜ್ವರ, ಮಳೆಗಾಲದ ಇಲಿಜ್ವರ ಇಂತಹ ವಿಷಯಗಳನ್ನು ತಿಳಿಸುತ್ತಾ ಬಂದಿದ್ದೇವೆ. ಈ ಸಲ ಕಣ್ಣಿಗೆ ಕಾಣದ ಒಂದು ಗಾಯದ ಬಗ್ಗೆ ಬರೆಯುತ್ತೇವೆ. ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ಒಬ್ಬ ತಂದೆ ಅಡಿಕೆಗೆ ಬೋರ್ಡೋ ದ್ರಾವಣ ಬಿಡುತ್ತಿದ್ದಾಗ ಮರದಿಂದ ಜಾರಿ ಬಿದ್ದರು. ಕೆಳಗೆ ಪೈಪು ಹಿಡಿದು ನಿಂತಿದ್ದವನು ಅವರ ಒಂಬತ್ತು ವರ್ಷದ ಮಗ. ತಂದೆಯ ಸೊಂಟದ ಎಲುಬು ಮುರಿದಿತ್ತು. ನಾಲ್ಕು ತಿಂಗಳಲ್ಲಿ ಅವರು ಎದ್ದು ನಡೆದಾಡಿದರು. ಆದರೆ ಮಗ ಏಳಲಿಲ್ಲ. ಅವನು ಶಾಲೆಗೆ ಹೋಗುವಾಗ ಹೊಟ್ಟೆನೋವು ಎನ್ನುತ್ತಿದ್ದ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ, ಗಾಳಿಗೆ ಮರ ತೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ತಾಯಿ ಅವನನ್ನು ನಮ್ಮಲ್ಲಿಗೆ ಕರೆತಂದರು. "ದೊಡ್ಡ ಹುಡುಗ ನೀನು, ಹೆದರಬಾರದು, ಅದನ್ನೆಲ್ಲ ಮರೆತುಬಿಡು" ಎಂದು ಹೇಳಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದೆವು. ಪ್ರಾರ್ಥನೆ ತಪ್ಪಲ್ಲ. ಎಲುಬು ಮುರಿದ ತಂದೆಯನ್ನು ಮಾತ್ರ ನಾವು ಆಸ್ಪತ್ರೆಗೆ ಕಳುಹಿಸಿದ್ದೆವು, ಮಗನನ್ನು ಕಳುಹಿಸಲಿಲ್ಲ. ತಪ್ಪಾದದ್ದು ಅಲ್ಲಿ. ಹಾಗೆ ಆರು ತಿಂಗಳು ವ್ಯರ್ಥವಾಯಿತು. (ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇವೆ.)

ಇದು ಯಾವಾಗ ಕಾಯಿಲೆ?

ಹೆದರಿಕೆ ದೇವರು ಕೊಟ್ಟ ಕಾವಲುನಾಯಿ. ಹಾವು ಕಂಡಾಗ ಅದು ಬೊಗಳಲೇಬೇಕು. ಹಾವು ಹೋದ ಮೇಲೂ ಹಗಲು ರಾತ್ರಿ ಬೊಗಳಿದರೆ ಮನೆಯವರಿಗೆ ನಿದ್ದೆಯಿಲ್ಲ. ಅಪಘಾತ, ನೆರೆ, ಮನೆಯಲ್ಲಿ ಸಾವು ಇಂತಹ ಪೆಟ್ಟಿನ ನಂತರ ಮೊದಲ ಕೆಲವು ವಾರ ಮಗು ಬೆಚ್ಚಿಬೀಳುವುದು ಸಹಜ. ಹೆಚ್ಚಿನ ಮಕ್ಕಳು ಮನೆಯವರ ಆಸರೆಯಿಂದಲೇ ಸರಿಹೋಗುತ್ತಾರೆ. ಹಲವು ದೇಶಗಳ 43 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಇಂತಹ ಪೆಟ್ಟು ತಿಂದ ನೂರು ಮಕ್ಕಳಲ್ಲಿ ಸುಮಾರು 16 ಮಂದಿಗೆ ಮಾತ್ರ ಅದು ಆಘಾತದ ಕಾಯಿಲೆಯಾಗಿ ಉಳಿಯುತ್ತದೆ. ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಶಾಲೆಗೆ ಹೋಗದಿರುವುದು, ಆ ಜಾಗವನ್ನೇ ತಪ್ಪಿಸುವುದು, ಕಾರಣವಿಲ್ಲದ ಸಿಟ್ಟು, ಮತ್ತೆ ಮತ್ತೆ ಹೊಟ್ಟೆನೋವು ಇವೆಲ್ಲ ಇದ್ದರೆ ಕಾಯುವುದು ಸರಿಯಲ್ಲ.

ನಮ್ಮ ಜಿಲ್ಲೆಗೆ ಇಂತಹ ಪೆಟ್ಟು ಹೊಸತಲ್ಲ. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗ, ಕಾಸರಗೋಡಿನ ಎಷ್ಟೋ ಮನೆಗಳ ಮಕ್ಕಳು ಹತ್ತಿರದವರನ್ನು ಕಳೆದುಕೊಂಡರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದ ಮೇಲೆ ಅಲ್ಲಿನ ಮಕ್ಕಳಿಗೆ ಮಳೆಯ ಶಬ್ದವೇ ಬೇರೆಯಾಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು.

ಚಿಕಿತ್ಸೆ ಎಂದರೇನು?

ಹಲವರು ಭಾವಿಸುವಂತೆ ಇದು ಕರೆಂಟು ಕೊಡುವುದೂ ಅಲ್ಲ, ಬುದ್ಧಿವಾದವೂ ಅಲ್ಲ. ಇದರ ಬೇರು ಹಳೆಯದು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಪೀಟರ್ ಎಂಬ ಪುಟ್ಟ ಮಗುವಿನ ಕಥೆ ಪ್ರಕಟಿಸಿದರು. ಅವನಿಗೆ ಮೊಲ ಕಂಡರೆ ಹೆದರಿಕೆ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಗೂಡಿನಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ. ನರ್ಸರಿಯ ನೆರಳಿನ ಸಸಿಯನ್ನು ಒಂದೇ ದಿನ ಬಿಸಿಲಿಗೆ ಎಳೆದರೆ ಬಾಡುತ್ತದೆ, ಎಂದೂ ಬಿಸಿಲು ಕಾಣಿಸದಿದ್ದರೆ ಗಟ್ಟಿಯಾಗುವುದಿಲ್ಲ. ಮೆಲ್ಲಮೆಲ್ಲನೆ ಬಿಸಿಲಿಗೆ ಒಗ್ಗಿಸಬೇಕಲ್ಲವೇ? ಇಲ್ಲಿಯೂ ಹಾಗೆಯೇ.

ಇಂದು ಇದನ್ನು ಬೆಳೆಸಿ ಸಿ.ಬಿ.ಟಿ. ಎಂದು ಕರೆಯುತ್ತಾರೆ. ಇದರಲ್ಲಿ ವಾರಕ್ಕೊಮ್ಮೆಯಂತೆ ಹತ್ತು ಹದಿನಾರು ಭೇಟಿಗಳಿರುತ್ತವೆ. ಹೆದರಿದಾಗ ಎದೆ ಯಾಕೆ ಬಡಿಯುತ್ತದೆ ಎಂದು ಮಗುವಿಗೆ ತಿಳಿಸುತ್ತಾರೆ, ನಿಧಾನ ಉಸಿರಾಟ ಕಲಿಸುತ್ತಾರೆ, "ಅಪ್ಪ ಮತ್ತೆ ಬೀಳುತ್ತಾರೆ" ಎಂಬ ಯೋಚನೆಯನ್ನು ಅವನೊಂದಿಗೆ ಕೂತು ಪರೀಕ್ಷಿಸುತ್ತಾರೆ, ಹೆದರಿಕೆಯ ಏಣಿಯನ್ನು ಕೆಳಗಿನ ಮೆಟ್ಟಲಿನಿಂದ ಹತ್ತಿಸುತ್ತಾರೆ. ಆಘಾತವಾದ ಮಗು ನಡೆದುದನ್ನು ಚಿತ್ರ ಬರೆದೋ ಮಾತಿನಲ್ಲೋ, ತಾಳುವಷ್ಟೇ, ಸ್ವಲ್ಪ ಸ್ವಲ್ಪ ಹೇಳುತ್ತದೆ. ತಂದೆ ತಾಯಿಗೂ ಪಾಠವಿರುತ್ತದೆ.

ಗುಣವಾಗುತ್ತದೆ ಎಂಬುದಕ್ಕೆ ಸಾಕ್ಷಿ ಏನು?

ಹೊಸ ಗೊಬ್ಬರ ಪರೀಕ್ಷಿಸುವಾಗ ವಿಜ್ಞಾನಿಗಳು ಕೆಲವು ಮರಗಳಿಗೆ ಹಾಕಿ, ಕೆಲವನ್ನು ಹಾಕದೆ ಬಿಟ್ಟು ಹೋಲಿಸುತ್ತಾರೆ. ಮಳೆ ಚೆನ್ನಾಗಿ ಬಂದುದರಿಂದ ಫಸಲು ಹೆಚ್ಚಾಯಿತೋ, ಗೊಬ್ಬರದಿಂದಲೋ ಎಂದು ತಿಳಿಯುವುದು ಹಾಗೆ. ಮಕ್ಕಳ ಚಿಕಿತ್ಸೆಯನ್ನೂ ಹಾಗೆಯೇ ತೂಗಿ ನೋಡಿದ್ದಾರೆ.

1) 1994ರಲ್ಲಿ ಅಮೆರಿಕದ ಫಿಲಿಪ್ ಕೆಂಡಾಲ್ 47 ಮಕ್ಕಳಲ್ಲಿ ಈ ಚಿಕಿತ್ಸೆಯನ್ನು ಪರೀಕ್ಷಿಸಿದರು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಮುಖ್ಯ ಕಾಯಿಲೆಯಿಂದ ಹೊರಬಂದರು. ಸರದಿಗಾಗಿ ಕಾಯುತ್ತಿದ್ದವರಲ್ಲಿ ಹೊರಬಂದವರು ನೂರಕ್ಕೆ 5 ಮಾತ್ರ.

2) 2020ರಲ್ಲಿ 87 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವರದಿ ಬಂತು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 49, ಕಾಯುತ್ತಿದ್ದವರಲ್ಲಿ ಸುಮಾರು 18 ಮಕ್ಕಳು ಗುಣವಾದರು. ಅಂದರೆ ಲಾಭ ನಿಜ, ಆದರೆ ಅರ್ಧದಷ್ಟು ಮಕ್ಕಳಿಗೆ ಇನ್ನೂ ಸಹಾಯ ಬೇಕಾಗುತ್ತದೆ.

3) 2008ರಲ್ಲಿ 488 ಮಕ್ಕಳ ಅಧ್ಯಯನದಲ್ಲಿ ಸಿ.ಬಿ.ಟಿ.ಯಿಂದ ನೂರಕ್ಕೆ 60, ಸರ್ಟ್ರಾಲಿನ್ ಮಾತ್ರೆಯಿಂದ 55, ಎರಡನ್ನೂ ಸೇರಿಸಿದಾಗ 81 ಮಂದಿ ಚೆನ್ನಾಗಿ ಸುಧಾರಿಸಿದರು. ಮದ್ದಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಸುಧಾರಿಸಿದವರು 24. ಆದುದರಿಂದ ಡಾಕ್ಟರರು ಮಾತ್ರೆ ಬರೆದರೆ ಗಾಬರಿ ಬೇಡ. ಆದರೆ ಪೆಟ್ಟಾದ ಕೂಡಲೇ ಮಗುವಿಗೆ ನಿದ್ದೆಯ ಮಾತ್ರೆ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಬೇಡವೆಂದಿದೆ.

4) ಇದು ದೊಡ್ಡ ಪಟ್ಟಣದ, ಶ್ರೀಮಂತರ ಚಿಕಿತ್ಸೆ ಮಾತ್ರವೇ? ಅಲ್ಲ. ಆಫ್ರಿಕಾದ ಝಾಂಬಿಯಾದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆಘಾತಕ್ಕೊಳಗಾದ 257 ಮಕ್ಕಳ ಅಧ್ಯಯನದಲ್ಲಿ ಈ ಚಿಕಿತ್ಸೆ ನೀಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಘಾತದ ಲಕ್ಷಣಗಳು ನೂರಕ್ಕೆ 82ರಷ್ಟು ಇಳಿದವು. ಸಾಮಾನ್ಯ ನೆರವು ಮಾತ್ರ ಪಡೆದವರಲ್ಲಿ ಇಳಿದದ್ದು 21ರಷ್ಟು.

ಮನೆಯಲ್ಲಿ ಏನು ಮಾಡಬಹುದು?

1) "ನಾಚಿಕೆಯಾಗುವುದಿಲ್ಲವೇ?" ಎನ್ನಬೇಡಿ. "ಹೆದರಿಕೆಯಾಗಿದೆ ಎಂದು ಗೊತ್ತು, ನಾನಿದ್ದೇನೆ" ಎನ್ನಿ.

2) ಹೇಳಲು ಬಂದಾಗ ಕೇಳಿ, ಬಲವಂತವಾಗಿ ಬಾಯಿ ಬಿಡಿಸಬೇಡಿ.

3) ಊಟ, ನಿದ್ದೆ, ಆಟ, ಸಂಜೆಯ ಪ್ರಾರ್ಥನೆ ಎಂದಿನ ಹೊತ್ತಿಗೇ ನಡೆಯಲಿ.

4) ಹೆದರುವ ಎಲ್ಲವನ್ನೂ ತಪ್ಪಿಸಿ ಕೊಡುವುದು ಪ್ರೀತಿಯಂತೆ ಕಂಡರೂ ಹೆದರಿಕೆಗೆ ಗೊಬ್ಬರ ಹಾಕಿದಂತೆ. ಸಣ್ಣ ಹೆಜ್ಜೆ ಇಡಿಸಿ, ಇಟ್ಟಾಗ ಮೆಚ್ಚಿಕೊಳ್ಳಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ ತಂದೆ ತಾಯಿಗೆ ಮಾತ್ರ ಇದನ್ನು ಕಲಿಸಿದಾಗಲೂ, ಮಕ್ಕಳಿಗೇ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡಿತು.

ಒಂದು ಎಚ್ಚರಿಕೆ. ಮಗು ಹೆದರುವುದು ಒಬ್ಬ ಮನುಷ್ಯನಿಗಾದರೆ ಅದನ್ನು ಹಟವೆಂದು ತಳ್ಳಬೇಡಿ, ಅವನ ಬಳಿಗೆ ಕಳುಹಿಸಿ ಒಗ್ಗಿಸಲೂ ಬೇಡಿ. ಅವನು ನೆಂಟನಾಗಲಿ, ಶಿಕ್ಷಕನಾಗಲಿ, ನಮ್ಮಂತಹ ಗುರುವೇ ಆಗಲಿ, ಮಗುವಿನ ಮಾತನ್ನು ನಂಬಿ. ಮನೆತನದ ಮಾನಕ್ಕಿಂತ ಮಗು ದೊಡ್ಡದು. ಲೈಂಗಿಕ ಕಿರುಕುಳವನ್ನು ತಿಳಿದೂ ಮುಚ್ಚಿಡುವುದು 2012ರ ಪೋಕ್ಸೋ ಕಾನೂನಿನಂತೆ ಅಪರಾಧ. ಮಕ್ಕಳ ಸಹಾಯವಾಣಿ 1098.

ಎಲ್ಲಿಗೆ ಹೋಗಬೇಕು?

ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಇದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಕೇರಳದ ದಿಶಾ ಸಹಾಯವಾಣಿ 1056. ಸರಕಾರಿ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಮನೆಯಲ್ಲಿ ಕೊಂಕಣಿ, ಹೊರಗೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ನಮ್ಮದು. ಮಗು ಅಳುವಾಗ ಆಡುವ ಭಾಷೆ ಬಲ್ಲವರನ್ನೇ ಕೇಳಿ ಪಡೆಯಿರಿ.

ಆ ಹುಡುಗನನ್ನು ಕೊನೆಗೆ ಅವನ ಶಾಲೆಯ ಟೀಚರೊಬ್ಬರು ಒತ್ತಾಯಿಸಿ ಚಿಕಿತ್ಸೆಗೆ ಕಳುಹಿಸಿದರು. ಮೊದಲ ವಾರ ಅವನು ಅಂಗಳದಿಂದ ತೋಟವನ್ನು ನೋಡಿದ. ಆಮೇಲೆ ತೋಟದ ತಡಮೆಯವರೆಗೆ, ಆಮೇಲೆ ತಂದೆಯ ಕೈ ಹಿಡಿದು ಆ ಮರದ ಬುಡದವರೆಗೆ ಹೋದ. ಮೂರ್ನಾಲ್ಕು ತಿಂಗಳಲ್ಲಿ ಶಾಲೆಗೆ ತಪ್ಪದೆ ಹೋಗತೊಡಗಿದ. ಗುಡುಗಿನ ರಾತ್ರಿ ಈಗಲೂ ತಾಯಿಯ ಹತ್ತಿರ ಮಲಗುತ್ತಾನಂತೆ. ಇರಲಿ. ಈ ಮಳೆಗಾಲದ ಮೊದಲು ತೋಟಕ್ಕೆ ಮದ್ದು ಬಿಡುವ ತಯಾರಿ ಮಾಡುವಾಗ, ಮನೆಯ ಮಕ್ಕಳ ಮುಖವನ್ನೂ ಒಮ್ಮೆ ನೋಡಿರಿ. ಯಾವ ಮನೆಯಲ್ಲಾದರೂ ಇಂತಹ ಮಗು ಇದ್ದರೆ ನಮ್ಮಲ್ಲಿಗೆ ಬನ್ನಿ. ಈ ಸಲ "ಮರೆತುಬಿಡು" ಎಂದು ಹೇಳಿ ಕಳುಹಿಸುವುದಿಲ್ಲ.

(ಮುಂದಿನ ಸಂಚಿಕೆಯಲ್ಲಿ: ಕರಿಮೆಣಸಿನ ಸೊರಗುರೋಗ)