ಮನೆಯ ಹೆಸರು, ಉದ್ಯೋಗದ ಹೆಸರು

ಸಿರುಮುಗೈ, ನೆಗಮಂ ಮೊದಲಾದ ಊರುಗಳಲ್ಲಿ ಕನ್ನಡವು ದೇವಾಂಗ ನೇಕಾರರ ಮನೆಮಾತಾದರೆ ತಮಿಳು ಅಂಗಡಿಬೀದಿಯ ಮಾತು. ಎಲ್ಲಿ ಯಾವ ಮಾತನ್ನಾಡಬೇಕೆಂಬುದನ್ನು ಅಲ್ಲಿನ ಮಕ್ಕಳು ತಾವಾಗಿಯೇ ಅರಿತಿರುತ್ತಾರೆ. ಈ ವಿವೇಕವು ಕೈಯಲ್ಲಿ ಫೋನು ಹಿಡಿದೊಡನೆ ಮಾಯವಾಗುವುದು ಸೋಜಿಗವೇ ಸರಿ.

ವರ್ತಕರಿಗೆ ಸೀರೆಯ ಚಿತ್ರ ಕಳುಹಿಸುವ ವಾಟ್ಸಾಪ್ ಸಂಖ್ಯೆಯಿಂದಲೇ ಸೀಮಂತದ ಚಿತ್ರಗಳನ್ನೂ ರಾಜಕೀಯದ ಕುಹಕಗಳನ್ನೂ ಸ್ಟೇಟಸ್‌ನಲ್ಲಿ ಹಾಕುತ್ತೇವೆ. ವ್ಯಾಪಾರ ಕೆಡಲು ಅಷ್ಟು ಸಾಕು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ಸನ್ನು ಬೇರೊಂದು ಸಂಖ್ಯೆಯಿಂದ ಅದೇ ಫೋನಿನಲ್ಲಿ ಬಳಸಬಹುದು.

ಹೆಸರಿನ ತೊಡಕು ಇದಕ್ಕಿಂತ ಹಿರಿದು. ನಮ್ಮ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರವಿದ್ದರೆ ಪಾಸ್‌ಪೋರ್ಟಿನಲ್ಲಿ ಆ ಹೆಸರೇ ಪೂರ್ಣವಾಗಿ ಇರಬಹುದು. ಫೇಸ್‌ಬುಕ್ಕಿನಲ್ಲಿಯೋ ಗೆಳೆಯರಿಟ್ಟ ಅಡ್ಡಹೆಸರು. ತಿರುಪ್ಪೂರಿನ ಬನಿಯನ್ ರಫ್ತು ಕಚೇರಿಗೆ ಅರ್ಜಿ ಹಾಕಿದ ತರುಣಿಯನ್ನು ಹುಡುಕುವವರಿಗೆ ಮೂವರು ಕಾಣಿಸುತ್ತಾರೆ. ಆದುದರಿಂದ ಲಿಂಕ್ಡ್‌ಇನ್‌ನಲ್ಲಿ ಅಂಕಪಟ್ಟಿಯ ಕಾಗುಣಿತವನ್ನೇ ಉಳಿಸಿಕೊಳ್ಳುವುದು ಲೇಸು. ಅಡ್ಡಹೆಸರಿನ ಖಾತೆಯನ್ನು ಅಳಿಸಬೇಕಾಗಿಲ್ಲ. ಬಂಧುಮಿತ್ರರಿಗೆ ಮಾತ್ರ ಕಾಣುವಂತಿರಿಸಿದರಾಯಿತು. ಮನೆಯ ಸಲಿಗೆಗೂ ಒಂದು ಎಡೆ ಬೇಕಷ್ಟೆ!

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ ಖಾಸಗಿ ಗುಂಪಿನಲ್ಲಿ ಆಡಿದ ಮಾತನ್ನು ಒಬ್ಬರು ಸ್ಕ್ರೀನ್‌ಶಾಟ್ ತೆಗೆದರೆ ಅದು ಮರಳಿ ಕೈಸೇರದು. ಕಚೇರಿಯ ಮೇಲಧಿಕಾರಿಯನ್ನು ಹಳಿಯುವ ಮುನ್ನ ತರುಣರು ಇದನ್ನು ನೆನೆಯಲಿ.

ನಮ್ಮ ಹೆಸರು, ಭಾವಚಿತ್ರಗಳಿಂದ ಖೋಟಾ ಖಾತೆ ತೆರೆದು ಯಾರಾದರೂ ಹಣ ಕೇಳಿದರೆ, ಆ ಪುಟದ ಚಿತ್ರವನ್ನು ಉಳಿಸಿಕೊಂಡು ಪರಿಚಿತರೆಲ್ಲರಿಗೂ ಕೂಡಲೇ ತಿಳಿಸಬೇಕು. ಹಣ ಕಳೆದುಕೊಂಡವರು 1930ಕ್ಕೆ ತಡಮಾಡದೆ ಕರೆಮಾಡಬೇಕು.