ನಾಯಂಡಹಳ್ಳಿ: ಬಿದ್ದ ಊರೋ, ಎದ್ದ ಊರೋ?

ಮೆಟ್ರೋದಲ್ಲಿ ಮೈಸೂರು ರಸ್ತೆ ನಿಲ್ದಾಣ ದಾಟಿ ಕೆಂಗೇರಿ ಕಡೆ ಹೊರಟರೆ ಮುಂದಿನದು ಪಂತರಪಾಳ್ಯ–ನಾಯಂಡಹಳ್ಳಿ. ನಮ್ಮಲ್ಲಿ ಸುಮಾರು ಜನ ದಿನಾ ಕಾಲೇಜಿಗೆ ಬರೋದು ಇದೇ ದಾರಿಯಲ್ಲಿ. ಬಾಗಿಲು ತೆರೆದ ಕೂಡಲೇ ಒಂದು ವಾಸನೆ ಒಳಗೆ ಬರುತ್ತದೆ. ಯಾರಾದರೂ ಒಬ್ಬರು "ಕೆಂಗೇರಿ ಮೋರಿ ಬಂತು" ಅಂದೇ ಅನ್ನುತ್ತಾರೆ, ಮಿಕ್ಕವರು ಮೂಗು ಮುಚ್ಚಿಕೊಂಡು ಮೊಬೈಲ್ ನೋಡುತ್ತಾರೆ. ನಾವೂ ಹಾಗೇ ಮಾಡಿದವರೇ.

ಈ ಸೆಮಿಸ್ಟರ್ ನಗರ ಯೋಜನೆಯ ಎಲೆಕ್ಟಿವ್ ತಗೊಂಡವರಿಗೆ ಒಂದು ಅಸೈನ್‌ಮೆಂಟ್ ಬಂತು: ಊರುಗಳು ಯಾಕೆ ಬೀಳುತ್ತವೆ, ಬಿದ್ದವು ಹೇಗೆ ಏಳುತ್ತವೆ? ಪುಸ್ತಕದ ತುಂಬ ಡೆಟ್ರಾಯಿಟ್. ಕಾರಿನ ಕಾರ್ಖಾನೆಗಳು ಹೋದವು, ಜನ ಹೋದರು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಅಷ್ಟು ಬರೆದುಕೊಟ್ಟರೆ ಮಾರ್ಕ್ಸ್ ಬರುತ್ತಿತ್ತು. ಆದರೆ ಕ್ಲಬ್ಬಿನ ಐದಾರು ಜನಕ್ಕೆ, ದಿನಾ ಮೂಗು ಮುಚ್ಚಿಕೊಂಡು ದಾಟುವ ಊರನ್ನೇ ಯಾಕೆ ನೋಡಬಾರದು ಅನ್ನಿಸಿತು.

ಡೆಟ್ರಾಯಿಟ್ ಥರದ್ದು ನಮ್ಮಲ್ಲೂ ಇದೆ, ಕೆ.ಜಿ.ಎಫ್. ಸಿನಿಮಾ ಬಿಡಿ, ಊರಿನ ಮಾತು. 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ಶಿವನಸಮುದ್ರದ ಕರೆಂಟು ಅಲ್ಲಿಗೆ ಹೋಗಿತ್ತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಿತು. ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ, ಚಿನ್ನ ಕಡಿಮೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತು ಅಲ್ಲಿಂದ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗುವವರು ತುಂಬ ಜನ. ಒಂದೇ ಕೆಲಸದ ಮೇಲೆ ನಿಂತಿದ್ದ ಊರು, ಆ ಕೆಲಸ ಹೋದಾಗ ಕೂತುಬಿಟ್ಟಿತು. ಲೆಕ್ಕ ಸರಳ.

ನಾಯಂಡಹಳ್ಳಿಯ ಲೆಕ್ಕ ಇಷ್ಟು ಸರಳ ಅಲ್ಲ. ಇಲ್ಲಿ ಬಿದ್ದದ್ದೂ ಎದ್ದದ್ದೂ ಒಟ್ಟೊಟ್ಟಿಗೇ ಆಗಿದೆ.

ಮೊದಲು ಹೊಳೆ. ಕೆಂಗೇರಿ ಮೋರಿ ಅಂತ ನಾವು ಕರೆಯೋದು ವೃಷಭಾವತಿಯನ್ನು. ಬೆಂಗಳೂರು ಒಂದು ಏಣಿನ ಮೇಲೆ ಕೂತಿರುವ ಊರು. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರಿ, ನಾಯಂಡಹಳ್ಳಿ, ಕೆಂಗೇರಿ, ಬಿಡದಿ ಕಡೆಯ ಭೈರಮಂಗಲ ಕೆರೆ ದಾಟಿ ಅರ್ಕಾವತಿಗೆ, ಅಲ್ಲಿಂದ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಮೇಲಕ್ಕೆ ಪಂಪ್ ಮಾಡಿದ ನೀರು. ಅದೇ ದಶಕದಲ್ಲಿ ನಗರದ ಜನಸಂಖ್ಯೆ 16.5 ಲಕ್ಷದಿಂದ 29 ಲಕ್ಷಕ್ಕೆ ಏರಿತು.

ನಲ್ಲಿಯಲ್ಲಿ ಬಂದ ನೀರಿನ ಸುಮಾರು ಶೇ. 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಅಂತ ನಮ್ಮ ಸಿವಿಲ್‌ನವರು ಡಿಸೈನ್ ಮಾಡುವಾಗ ಹಿಡಿದುಕೊಳ್ಳುತ್ತಾರೆ. ಪಶ್ಚಿಮ ಬೆಂಗಳೂರಿನ ಆ ಭಾಗಕ್ಕೆಲ್ಲ ಇಳಿಜಾರು ಇರೋದು ಈ ಕಡೆಗೇ. ಮೈಸೂರು ರಸ್ತೆ ಪಕ್ಕ ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕ ಇದೆ, ಆದರೆ ಪೈಪಿಗೆ ಸೇರದೆ ನೇರ ರಾಜಕಾಲುವೆಗೆ ಬೀಳುವ ಕೊಳಚೆಗೆ ಘಟಕ ಏನು ಮಾಡೀತು? ಅಂದರೆ ಬೇಸಿಗೆಯಲ್ಲಿ ಈ ಮೋರಿಯಲ್ಲಿ ಹರಿಯೋದು ಬಹುಪಾಲು ನಾವೇ ಕುಡಿದು, ತೊಳೆದು ಬಿಟ್ಟ ಕಾವೇರಿ. ರಾಜಾಜಿನಗರ, ವಿಜಯನಗರಗಳಿಗೆ ಮನೆಮನೆಗೂ ನಲ್ಲಿ ಬಂದದ್ದು ಏಳಿಗೆ. ಅದೇ ನೀರು ಕೆಳಗಿನ ಊರಿಗೆ ಬಂದಾಗ ಹೊಳೆ ಸತ್ತಿತು. ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಓದಿಸುತ್ತಾರೆ, ಅದೇ ತಮಾಷೆ.

ಹೊಳೆ ಹೋದರೂ ದಾರಿ ಉಳಿಯಿತು. ಮೈಸೂರು ರೈಲು ಮಾರ್ಗ 1882ಕ್ಕೆ ಪೂರ್ತಿಯಾಗಿತ್ತು. ಇದೇ ಮೈಸೂರು ರಸ್ತೆಯಲ್ಲಿ 1933ರಲ್ಲಿ ಸಂಸ್ಥಾನದ ಕಾಲದಲ್ಲಿ ಶುರುವಾದ ಸರ್ಕಾರಿ ವಿದ್ಯುತ್ ಕಾರ್ಖಾನೆ ಇವತ್ತಿಗೂ 'ಕವಿಕಾ' ಹೆಸರಲ್ಲಿದೆ. ಆಮೇಲೆ ಹೊರವರ್ತುಲ ರಸ್ತೆ ಬಂದು ನಾಯಂಡಹಳ್ಳಿಯಲ್ಲಿ ಕೂಡಿಕೊಂಡಿತು, ಮೇಲ್ಸೇತುವೆ ಎದ್ದಿತು. 2015ರ ನವೆಂಬರಿನಲ್ಲಿ ಮೆಟ್ರೋ ಮೈಸೂರು ರಸ್ತೆವರೆಗೆ ಬಂತು. 2021ರ ಆಗಸ್ಟಿನಲ್ಲಿ ಕೆಂಗೇರಿವರೆಗೆ ಆರು ನಿಲ್ದಾಣ ಸೇರಿತು. ಎಲ್ಲ ದಾರಿಗಳೂ ಕೂಡುವ ಜಾಗ ಇದು. ಆದರೆ ಮೇಲೆ ಹೋಗುವವರು ಯಾರೂ ಕೆಳಗೆ ಇಳಿಯೋದಿಲ್ಲ.

ನಾವು ಒಂದು ಶನಿವಾರ ಇಳಿದೆವು. ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಸಾಲು ಸಾಲು ಶೀಟಿನ ಶೆಡ್ಡು, ಆಳೆತ್ತರದ ಗೋಣಿಚೀಲದ ರಾಶಿ. ಬೆಂಗಳೂರಿನ ಗುಜರಿ ಪ್ಲಾಸ್ಟಿಕ್‌ನ ದೊಡ್ಡ ಪಾಲು ಬಂದು ಸೇರುವ ಜಾಗಗಳಲ್ಲಿ ನಾಯಂಡಹಳ್ಳಿ ಮುಖ್ಯವಾದದ್ದು. ಚಿಂದಿ ಆಯುವವರಿಂದ ಬೀದಿಯ ಗುಜರಿ ಅಂಗಡಿಗೆ, ಅಲ್ಲಿಂದ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಇಲ್ಲಿಗೆ. ಇಲ್ಲಿ ವಿಂಗಡಿಸಿ, ಪುಡಿ ಮಾಡಿ, ತೊಳೆದು, ಕರಗಿಸಿ, ದಾರದಂತೆ ಎಳೆದು, ನೀರಿನ ತೊಟ್ಟಿಯಲ್ಲಿ ತಣಿಸಿ, ಸಣ್ಣಗೆ ಕತ್ತರಿಸುತ್ತಾರೆ. ಆ ಕಾಳಿಗೆ ದಾನಾ ಅಂತ ಹೆಸರು. ದಾನಾದಿಂದ ಪೈಪು, ಬಕೆಟ್ಟು, ಕುರ್ಚಿ ಆಗುತ್ತವೆ.

ಮೆಟೀರಿಯಲ್ ಸೈನ್ಸ್ ಲ್ಯಾಬಿನಲ್ಲಿ ನಾವು ಸ್ಪೆಕ್ಟ್ರೋಮೀಟರಿಗೆ ಕ್ಯೂ ನಿಲ್ಲುತ್ತೇವೆ. ಇಲ್ಲಿ ಒಬ್ಬ ಅಕ್ಕ ಕವರನ್ನು ಕಿವಿಯ ಹತ್ತಿರ ಹಿಡಿದು ಮುದುರಿ, ಸದ್ದು ಕೇಳಿ, ಯಾವ ಚೀಲಕ್ಕೆ ಅಂತ ನಿರ್ಧಾರ ಮಾಡಿ ಎಸೆದರು. ಮೂರು ಸೆಕೆಂಡೂ ಆಗಲಿಲ್ಲ. ಅನುಮಾನ ಬಂದರೆ ಚೂರು ಸುಟ್ಟು ವಾಸನೆ ನೋಡುತ್ತಾರೆ. ಬಾಟಲಿಯನ್ನು ಮುಚ್ಚಳ ಸಮೇತ ಪುಡಿ ಮಾಡಿ ನೀರಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಬಾಟಲಿಯದು ಮುಳುಗುತ್ತದೆ. ಮುಚ್ಚಳದ ಪಾಲಿಎಥಿಲೀನ್ ಸಾಂದ್ರತೆ ಒಂದಕ್ಕಿಂತ ಕಡಿಮೆ, ಬಾಟಲಿಯ ಪಿ.ಇ.ಟಿ.ಯದ್ದು ಸುಮಾರು 1.38. ನಾವು ಸೂತ್ರ ಹೇಳಿದೆವು, ಅಕ್ಕ ನಕ್ಕರು.

ಇದನ್ನು ಹೂವಿನ ಹಾಗೆ ವರ್ಣಿಸಿದರೆ ಸುಳ್ಳಾಗುತ್ತದೆ. ಶೆಡ್ಡಿನಲ್ಲಿ ಗಾಳಿಯಾಡದು, ಗ್ರೈಂಡರ್ ಪಕ್ಕ ಕಿವಿಗೆ ಏನೂ ಕಟ್ಟಿಕೊಳ್ಳದೆ ಕೆಲಸ. ಕರಗಿಸುವ ಹೊಗೆ ಸೀದಾ ಮೂಗಿಗೆ. ತೊಳೆದ ನೀರು ಹೋಗಿ ಸೇರೋದು ಮತ್ತೆ ಅದೇ ಮೋರಿಗೆ. ಅಕ್ಕಪಕ್ಕದ ಮನೆಯವರು ಬೈದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಇದೆ: ಮೆಟ್ರೋ ಬಂದ ಮೇಲೆ ಇಲ್ಲಿಯ ನೆಲದ ಬೆಲೆ, ಬಾಡಿಗೆ ಏರಿದರೆ ಮೊದಲು ಜಾಗ ಖಾಲಿ ಮಾಡುವವರು ಯಾರು? ಪಶ್ಚಿಮ ಬೆಂಗಳೂರು ಇದನ್ನು ಒಮ್ಮೆ ನೋಡಿದೆ. ಬಿನ್ನಿ ಮಿಲ್ ಮುಚ್ಚಿತು, ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಬಂದವು. ನಕ್ಷೆಯಲ್ಲಿ ನೋಡಿದರೆ ಅದು ಪುನರುಜ್ಜೀವನವೇ. ಮಿಲ್ಲಿನ ಮಗ್ಗ ಬಲ್ಲವನಿಗೆ ಮಾಲಿನಲ್ಲಿ ಏನು ಕೆಲಸ?

ಗುಜರಿ ಶೆಡ್ಡು ಇನ್ನಷ್ಟು ಹೊರಗೆ ಹೋದರೆ ಹೋಗಲಿ ಅನ್ನಬಹುದು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಆದರೆ ತೆಳು ಕವರು ಹಗುರ, ಬೆಲೆ ಕಮ್ಮಿ. ಲಾರಿ ಬಾಡಿಗೆ ಹೆಚ್ಚಾದರೆ ಮೊದಲು ಲೆಕ್ಕಕ್ಕೆ ಸಿಗದೆ ಹೋಗುವ ಮಾಲು ಅದೇ. ಗುಜರಿಯವನು ತಗೊಳ್ಳದಿದ್ದರೆ ಆಯುವವರು ಆಯುವುದಿಲ್ಲ. ಆಗ ಅದು ಬೀದಿ ಬದಿಯಲ್ಲಿ ಸುಡುತ್ತದೆ, ಇಲ್ಲವೇ ರಾಜಕಾಲುವೆಯಲ್ಲಿ ಸಿಕ್ಕಿಕೊಂಡು ಮಳೆ ಬಂದಾಗ ಮನೆಯೊಳಗೆ ನೀರು ನುಗ್ಗಿಸುತ್ತದೆ. ಕೆ.ಜಿ.ಎಫ್.ನಲ್ಲಿ ಚಿನ್ನ ಮುಗಿದು ಊರು ಸೋತಿತು. ನಾಯಂಡಹಳ್ಳಿಯಲ್ಲಿ ಕಚ್ಚಾ ಮಾಲು ಮುಗಿಯುವ ಮಾತೇ ಇಲ್ಲ, ನಾವೆಲ್ಲ ದಿನಾ ಕೊಡುತ್ತಿದ್ದೇವೆ. ಇಲ್ಲಿ ಕೆಲಸ ನಿಂತರೆ ಅದು ಬೇಡಿಕೆ ಇಲ್ಲದೆ ಅಲ್ಲ, ಜಾಗ ಸಿಗದೆ.

ಅಸೈನ್‌ಮೆಂಟಿನ ಕೊನೆಯ ಪ್ರಶ್ನೆ "ಈ ಊರು ಇಳಿಮುಖವೋ, ಏರುಮುಖವೋ" ಅಂತ ಇತ್ತು, ಒಂದನ್ನು ಟಿಕ್ ಮಾಡಬೇಕಿತ್ತು. ನಾವು ಎರಡನ್ನೂ ಬಿಟ್ಟು ಪಕ್ಕದಲ್ಲಿ "ಯಾರಿಗೆ?" ಅಂತ ಬರೆದೆವು. ಒಂದು ಮಾರ್ಕ್ ಹೋಯಿತು.

ಫೈನಲ್ ಇಯರ್ ಪ್ರಾಜೆಕ್ಟಿಗೆ ಹುಡುಕುತ್ತಿರುವವರಿಗೆ ಒಂದು ಸುದ್ದಿ: ಒಂದು ಶೆಡ್ಡಿನವರು ಪ್ಲಾಸ್ಟಿಕ್ ತೊಳೆದ ನೀರನ್ನು ಸೋಸಿ ಮತ್ತೆ ಬಳಸುವ ಹಾಗೆ, ಹತ್ತಡಿ ಜಾಗದಲ್ಲಿ ಕೂರುವ ಏನಾದರೂ ಆಗುತ್ತದಾ ಅಂತ ಕೇಳಿದ್ದಾರೆ. ಟ್ಯಾಂಕರಿಗೆ ಕೊಡುವ ದುಡ್ಡು ಉಳಿಯುತ್ತದಂತೆ. ಕೆಮಿಕಲ್, ಸಿವಿಲ್‌ನವರು ಯಾರಾದರೂ ಬರೋದಾದರೆ ಮುಂದಿನ ಶನಿವಾರ ಹತ್ತು ಗಂಟೆಗೆ ನಾಯಂಡಹಳ್ಳಿ ಮೆಟ್ರೋ ಕೆಳಗೆ ಸಿಗುತ್ತೇವೆ. ಹಳೇ ಚಪ್ಪಲಿ ಹಾಕ್ಕೊಂಡು ಬನ್ನಿ.