ನಲವತ್ತು ಲಿಂಕಿಗೆ ಹದಿನೈದು ಸಾವಿರ

ಕಡೂರಿನಲ್ಲಿ ನನ್ನ ಹತ್ತಿರ ವರ್ಷದ ಲೆಕ್ಕ ಬರೆಸಲು ಬರುವವರ ಫೈಲಿನಲ್ಲಿ ಪ್ರಚಾರದ ಖರ್ಚು ಅಂದರೆ ಒಂದಿಷ್ಟು ಫ್ಲೆಕ್ಸಿನ ಬಿಲ್ಲು, ಹೊಸ ವರ್ಷದ ಕ್ಯಾಲೆಂಡರಿನದೊಂದು, ಊರ ಜಾತ್ರೆಯ ಕರಪತ್ರದಲ್ಲಿ ‘ಶುಭ ಕೋರುವವರು’ ಅಂತ ಹೆಸರು ಹಾಕಿಸಿದ್ದಕ್ಕೆ ಕೊಟ್ಟ ಸಣ್ಣ ಮೊತ್ತ. ಈಚೆಗೆ ಇವುಗಳ ಜೊತೆ ‘ಎಸ್‌ಇಒ ಬ್ಯಾಕ್‌ಲಿಂಕ್ ಪ್ಯಾಕೇಜ್’ ಅನ್ನುವ ಬಾಬತ್ತು ಸೇರಿಕೊಂಡಿದೆ. ಏನು ತಗೊಂಡಿರಿ ಇದರಲ್ಲಿ ಅಂದರೆ, ‘ಗೂಗಲ್‌ನಲ್ಲಿ ಮೇಲೆ ಬರುತ್ತಂತೆ ಸಾರ್’ ಅನ್ನುತ್ತಾರೆ. ಫ್ಲೆಕ್ಸ್ ಕಟ್ಟಿದರೆ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿಕೊಂಡು ಬರಬಹುದು, ಓರೆಯಾಗಿದ್ದರೆ ಬೈದು ಸರಿ ಮಾಡಿಸಬಹುದು. ಈ ಲಿಂಕುಗಳನ್ನು ಎಲ್ಲಿ ಕಟ್ಟಿದ್ದಾರೆ ಅನ್ನುವುದು ದುಡ್ಡು ಕೊಟ್ಟವರಿಗೇ ತಿಳಿದಿರುವುದಿಲ್ಲ.

ಬೇರೆ ಯಾರದೋ ವೆಬ್‌ಸೈಟಿನ ಪುಟದಲ್ಲಿ ನಿಮ್ಮ ವೆಬ್‌ಸೈಟಿನ ವಿಳಾಸ ಇದ್ದು, ಅದನ್ನು ಒತ್ತಿದವರು ನಿಮ್ಮಲ್ಲಿಗೆ ಬಂದರೆ ಅದು ಲಿಂಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಶುರು ಮಾಡಿದಾಗ ಅವರ ಬಂಡವಾಳವೇ ಈ ಲಿಂಕಿನ ಲೆಕ್ಕ. ಒಂದು ಸಂಶೋಧನಾ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅನ್ನುವುದರ ಮೇಲೆ ಅದರ ತೂಕ ಅಳೆಯುವ ರೂಢಿ ವಿದ್ವಾಂಸರಲ್ಲಿ ಮೊದಲೇ ಇತ್ತು. ಅದನ್ನೇ ಅವರು ವೆಬ್ ಪುಟಗಳಿಗೆ ಹಚ್ಚಿದರು. ಎಷ್ಟು ಲಿಂಕು ಅನ್ನುವುದಕ್ಕಿಂತ ಯಾರ ಲಿಂಕು ಅನ್ನುವುದಕ್ಕೆ ಹೆಚ್ಚು ಬೆಲೆ. ಆ ಲೆಕ್ಕಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರಿಟ್ಟರು. ಬೆಲೆ ಗೊತ್ತಾದ ಮೇಲೆ ಸಂತೆ ಕೂಡಲು ಎಷ್ಟು ಹೊತ್ತು?

ಆ ಸಂತೆಗೆ ದೊಡ್ಡವರೂ ಹೋಗಿ ಬಂದಿದ್ದಾರೆ. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳ ಕಥೆ ಹೊರಗೆಳೆಯಿತು. ಉಡುಪು, ಹಾಸಿಗೆ, ನೆಲಹಾಸು ಏನು ಹುಡುಕಿದರೂ ಅವರದೇ ಹೆಸರು ಮೇಲೆ ಬರುತ್ತಿತ್ತು. ಕಾರಣ ಹುಡುಕಿದರೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅವರ ಲಿಂಕು. ನಮಗೇನೂ ಗೊತ್ತಿಲ್ಲ ಅಂದ ಕಂಪನಿ, ಕೆಲಸ ವಹಿಸಿಕೊಂಡಿದ್ದ ಸಂಸ್ಥೆಯನ್ನು ಬಿಡಿಸಿತು. ಗೂಗಲ್ ಅವರ ಪುಟಗಳನ್ನು ಕೆಳಕ್ಕೆ ತಳ್ಳಿತು. ಮರುವರ್ಷ 2012ರ ಏಪ್ರಿಲ್ 24ರಂದು ಗೂಗಲ್ಲಿನ ಲೆಕ್ಕದಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ಬಂದು, ಕೊಂಡ ಲಿಂಕುಗಳ ಮೇಲೆ ಕೂತಿದ್ದ ಲೆಕ್ಕವಿಲ್ಲದಷ್ಟು ಸೈಟುಗಳು ಕುಸಿದವು. 2016ರಿಂದ ಅದು ಬಿಡುವಿಲ್ಲದೆ ಕೆಲಸ ಮಾಡುತ್ತಿದೆ.

ಗೂಗಲ್ ನಿಯಮ ಗೊಂದಲದ್ದೇನಲ್ಲ. ರ‍್ಯಾಂಕ್ ಏರಿಸಲೆಂದು ದುಡ್ಡು ಕೊಟ್ಟು ಹಾಕಿಸಿದ ಲಿಂಕು ತಪ್ಪು. ಜಾಹೀರಾತಾಗಿ ಹಾಕಿಸಿದರೆ ತಪ್ಪಿಲ್ಲ, ಆದರೆ ಪುಟದ ಒಳಗಿನ ಕೋಡಿನಲ್ಲಿ 2005ರಿಂದ ಇರುವ ‘ನೋಫಾಲೋ’ ಅಥವಾ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತು ಇರಬೇಕು. ಆ ಗುರುತು ಇದ್ದ ಲಿಂಕನ್ನು ರ‍್ಯಾಂಕಿನ ಲೆಕ್ಕಕ್ಕೆ ಗೂಗಲ್ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅಂದರೆ ನೆಟ್ಟಗೆ ಕೊಂಡ ಲಿಂಕಿನಿಂದ ಪ್ಯಾಕೇಜ್ ಹೇಳುವ ಫಲ ಸಿಗದು, ಆ ಫಲ ಕೊಡುತ್ತೇನೆ ಅನ್ನುವ ಲಿಂಕು ನೆಟ್ಟಗಿನದಲ್ಲ. ಲಿಂಕ್ ಮಾರುವವರ ಕೊಟೇಶನ್ ಕೈಗೆ ಬಂದಾಗ ನಾನು ಮೊದಲು ನೋಡುವುದು, ಅವರು ಈ ಮಾತನ್ನು ಎಲ್ಲಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ ಅಂತ.

ನನ್ನ ಅಕ್ಕನ ಮಗ ತರೀಕೆರೆ ತಾಲ್ಲೂಕು ಲಿಂಗದಹಳ್ಳಿ ಕಡೆ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾನೆ. ಕೆಮ್ಮಣ್ಣುಗುಂಡಿ ಬೆಟ್ಟಕ್ಕೆ, ಕಲ್ಲತ್ತಿಗಿರಿ ಜಲಪಾತಕ್ಕೆ ಹೋಗುವವರಲ್ಲಿ ಹಲವರು ಅದೇ ದಾರಿ ಹಿಡಿಯುತ್ತಾರೆ. ಒಂದು ದಿನ ಫೋನ್ ಮಾಡಿದ.

‘ಮಾವ, ಒಬ್ಬರು ಮೊದಲ ಪುಟ ಗ್ಯಾರಂಟಿ ಅಂತಾರೆ. ತಿಂಗಳಿಗೆ ನಲವತ್ತು ಲಿಂಕು, ಹದಿನೈದು ಸಾವಿರ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ ಇನ್ನೊಂದು ತಿಂಗಳು ಫ್ರೀ ಅಂತೆ.’

‘ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ?’

‘ಬಿಟ್ಟು.’

‘ದುಡ್ಡು ಕಳಿಸಬೇಡ, ಕೊಟೇಶನ್ ಕಳಿಸು.’

ಹದಿನೈದು ಸಾವಿರಕ್ಕೆ ಶೇ 18 ಸೇರಿದರೆ 17,700. ಆರು ತಿಂಗಳಿಗೆ 1,06,200 ರೂಪಾಯಿ. ಅವನ ವಹಿವಾಟು ವರ್ಷಕ್ಕೆ 20 ಲಕ್ಷದೊಳಗೆ ಇರುವುದರಿಂದ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಹಾಗಾಗಿ ಕಟ್ಟಿದ ತೆರಿಗೆ ಹಿಂದಕ್ಕೆ ಬರುವುದಿಲ್ಲ. ನೋಂದಣಿ ಇದ್ದರೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ತೆರಿಗೆ ಶೇ 5ಕ್ಕೆ ಇಳಿದಿದೆ, ಅದರ ಜೊತೆಗೇ ಕಟ್ಟಿದ ತೆರಿಗೆ ಹಿಂದಕ್ಕೆ ಪಡೆಯುವ ಇನ್‌ಪುಟ್ ಕ್ರೆಡಿಟ್ ಹೋಗಿದೆ. ಊಟ, ಬಟ್ಟೆ ಒಗೆತ, ಕರೆಂಟು, ಕೆಲಸದವರ ಕೂಲಿ ಎಲ್ಲ ಕಳೆದು ಒಬ್ಬ ಅತಿಥಿಯಿಂದ ದಿನಕ್ಕೆ ಎಷ್ಟು ಉಳಿಯುತ್ತೆ ಅಂತ ಕೇಳಿದೆ. ಆರುನೂರು ಅಂದ. ಹಾಗಾದರೆ ಲಿಂಕಿನ ಖರ್ಚು ಹುಟ್ಟಲೆಂದೇ ತಿಂಗಳಿಗೆ 30 ಜನ ಹೆಚ್ಚಿಗೆ ಬರಬೇಕು. ಈಗ ಬರುತ್ತಿರುವವರನ್ನು ಇದರಲ್ಲಿ ಎಣಿಸಕೂಡದು. ಇನ್ನೂ ಒಂದು ಸಂಗತಿ ಅವನೇ ಹೇಳಿದ. ಸೀಸನ್ನಿನಲ್ಲಿ ಶನಿವಾರ, ಭಾನುವಾರ ಅವನಲ್ಲಿ ಜಾಗವೇ ಇರುವುದಿಲ್ಲ. ಖಾಲಿ ಇರುವುದು ಸೋಮವಾರದಿಂದ ಗುರುವಾರ. ಬೆಂಗಳೂರಿನಿಂದ ಗೂಗಲ್‌ನಲ್ಲಿ ಹುಡುಕುವವರಿಗೆ ಬೇಕಾಗಿರುವುದು ಶನಿವಾರ. ತುಂಬಿದ ದಿನಕ್ಕೆ ಇನ್ನಷ್ಟು ಗಿರಾಕಿ ತರಲು ಲಕ್ಷ ರೂಪಾಯಿ ಏಕೆ? ಬುಕಿಂಗ್ ಆ್ಯಪುಗಳ ಕಮಿಷನ್ ಬಗ್ಗೆ ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಅತಿಥಿ ಬಂದರೆ ಮಾತ್ರ ಆ ಕಮಿಷನ್, ಬರದಿದ್ದರೆ ಇಲ್ಲ.

ಲೆಕ್ಕ ಇಷ್ಟಕ್ಕೇ ಮುಗಿಯುತ್ತಿತ್ತು. ಕುತೂಹಲಕ್ಕೆ ಮಾರುವವರಿಗೆ ಫೋನ್ ಮಾಡಿಸಿ ಸ್ಯಾಂಪಲ್ ಕೇಳಿದೆವು. ನಮ್ಮ ಕಡೆ ಅಡಿಕೆ ವ್ಯಾಪಾರಿ ಚೀಲದ ಬಾಯಿ ನೋಡಿ ರೇಟು ಹೇಳುವುದಿಲ್ಲ, ತಳಕ್ಕೆ ಕೈ ಹಾಕಿ ತೆಗೆದು ನೋಡುತ್ತಾನೆ. ಹಾಗೆಯೇ, ಈ ಮುಂಚೆ ಬೇರೆ ಗಿರಾಕಿಗಳಿಗೆ ಲಿಂಕು ಹಾಕಿಸಿಕೊಟ್ಟ ಪುಟಗಳ ಪಟ್ಟಿ ಬೇಕು ಅಂದೆವು. ಬಹಳ ಕೇಳಿದ ಮೇಲೆ ಬಂತು. ತೆರೆದು ನೋಡಿದರೆ ಒಂದೇ ಸೈಟಿನಲ್ಲಿ ಮೊಣಕಾಲು ನೋವಿನ ಔಷಧಿ, ಆನ್‌ಲೈನ್ ಜೂಜು, ದುಬೈ ಫ್ಲಾಟು, ನಾಯಿಮರಿ ಸಾಕುವ ವಿಧಾನ. ಬರೆದವರ ಹೆಸರಿಲ್ಲ, ಸಂಪರ್ಕಿಸಲು ನಂಬರಿಲ್ಲ. ಆ ಸೈಟಿನ ಹೆಸರನ್ನೇ ಗೂಗಲ್‌ನಲ್ಲಿ ಹುಡುಕಿದರೆ ಗೂಗಲ್ಲಿಗೇ ಅದರ ಪರಿಚಯ ಇದ್ದಂತಿಲ್ಲ. ಎದುರಿಗೆ ಮಾತ್ರ ‘ಡಿಎ 60’ ಅಂತ ದಪ್ಪಕ್ಷರ.

ಈ ಡಿಎ ಅನ್ನುವುದು ಡೊಮೇನ್ ಅಥಾರಿಟಿ, ಮಾಜ್ ಅನ್ನುವ ಖಾಸಗಿ ಕಂಪನಿಯ ಅಂದಾಜು. ಡಿಆರ್ ಅಂದರೆ ಅಹ್ರೆಫ್ಸ್ ಅನ್ನುವ ಇನ್ನೊಂದು ಕಂಪನಿಯದು. ಎರಡೂ ಕೆಲಸಕ್ಕೆ ಬರುವ ಅಳತೆಗಳೇ, ಆದರೆ ಗೂಗಲ್ ಯಾವುದನ್ನೂ ಬಳಸುವುದಿಲ್ಲ, ಕೃತಕವಾಗಿ ಏರಿಸುವುದೂ ಕಷ್ಟವಲ್ಲ. ಕೊಟೇಶನ್ನಿನಲ್ಲಿ ಈ ಅಂಕಿ ಬಿಟ್ಟು ಬೇರೆ ವಿವರವೇ ಇಲ್ಲದಿದ್ದರೆ ಮುಂದೆ ಓದಬೇಕಾಗಿಲ್ಲ.

ಫೋನಿನಲ್ಲಿ ಇನ್ನೆರಡು ವಿಷಯ ಹೊರಬಿತ್ತು. ‘ಲಿಂಕು ಎಷ್ಟು ದಿನ ಇರುತ್ತೆ?’ ಅಂದರೆ ‘ಒಂದು ವರ್ಷ ಗ್ಯಾರಂಟಿ ಸಾರ್, ಆಮೇಲೆ ರಿನ್ಯೂವಲ್.’ ಅಂದರೆ ಇದು ಬಾಡಿಗೆ. ಕಟ್ಟುವುದು ನಿಲ್ಲಿಸಿದ ದಿನ ಬೋರ್ಡು ಇಳಿಸುತ್ತಾರೆ. ಕೊಟೇಶನ್ನಿನಲ್ಲಿ ‘ಬಾಡಿಗೆ’ ಅನ್ನುವ ಪದ ಎಲ್ಲೂ ಇರಲಿಲ್ಲ. ‘ಯಾವ ಪದಕ್ಕೆ ಮೊದಲ ಪುಟ?’ ಅಂದಾಗ ಅವರು ಹೇಳಿದ ಪದ ಹೋಂಸ್ಟೇಯ ಹೆಸರೇ! ಹೆಸರು ಗೊತ್ತಿದ್ದವನು ಹೆಸರು ಹಾಕಿ ಹುಡುಕಿದರೆ ಅದು ಇಂದಿಗೂ ಮೊದಲೇ ಬರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದು ಹಾಕಿದೆ.

ಅವನಿಗೆ ನಾನು ಕೊಟ್ಟ ಸಲಹೆ, ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಲಿಂಕಿಗೆ ಮಾಡಬೇಡ, ಲಿಂಕು ತಾನಾಗಿ ಬರುವಂಥ ಕೆಲಸಕ್ಕೆ ಮಾಡು. ಬೆಂಗಳೂರಿನಿಂದ ಶಿವಮೊಗ್ಗ ರೈಲಿನಲ್ಲಿ ಬಂದು ಬೀರೂರಿನಲ್ಲೋ ತರೀಕೆರೆಯಲ್ಲೋ ಇಳಿದವರು ಬೆಟ್ಟಕ್ಕೆ ಹೇಗೆ ಹೋಗಬೇಕು, ಬಸ್ಸು ಎಷ್ಟು ಹೊತ್ತಿಗೆ, ಮಳೆಗಾಲದಲ್ಲಿ ರಸ್ತೆ ಎಲ್ಲಿ ಕೆಟ್ಟಿರುತ್ತದೆ, ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಕೋಣೆ ಸಿಗದಿದ್ದರೆ ಏನು ಗತಿ, ಇವನ್ನು ಸರಿಯಾಗಿ ಹೇಳುವ ಒಂದು ಪುಟ ಬೇಕು. ಅಮೃತಾಪುರದ ಅಮೃತೇಶ್ವರ ದೇವಸ್ಥಾನ ಅಲ್ಲಿಂದ ದೂರವಿಲ್ಲ. ಹೊಯ್ಸಳ ದೊರೆ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ್ದು. ಬೇಲೂರು, ಹಳೇಬೀಡಿನ ಜನಜಂಗುಳಿ ಅಲ್ಲಿಲ್ಲ. ಅದರ ಹೊರಗೋಡೆಯ ರಾಮಾಯಣ, ಭಾರತ, ಭಾಗವತದ ಶಿಲ್ಪಗಳ ಒಳ್ಳೆಯ ಫೋಟೊ ಹಾಕಿ ನಾಲ್ಕು ಸಾಲು ವಿವರ ಬರೆದರೆ ಪ್ರವಾಸದ ಬಗ್ಗೆ ಬರೆಯುವವರು ತಾವೇ ತೋರಿಸುತ್ತಾರೆ. ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಬರುವ ಹಕ್ಕಿ ನೋಡುವವರೂ ಅಷ್ಟೇ. ಊರಲ್ಲೇ ಕ್ಯಾಮೆರಾ ಹಿಡಿಯುವ ಹುಡುಗ ಇದ್ದಾನೆ, ಬರೆಯಬಲ್ಲ ಮೇಷ್ಟ್ರು ಇದ್ದಾರೆ. ಒಂದು ತಿಂಗಳ ಲಿಂಕಿನ ದುಡ್ಡಿನಲ್ಲಿ ಇಬ್ಬರಿಗೂ ಮರ್ಯಾದೆಯ ಸಂಭಾವನೆ ಕೊಡಬಹುದು, ಆ ಪುಟ ಅವನದಾಗಿಯೇ ಉಳಿಯುತ್ತದೆ. ಕೆಮ್ಮಣ್ಣುಗುಂಡಿಯನ್ನು ಇಂಗ್ಲಿಷಿನಲ್ಲಿ ಜನ ಹತ್ತು ಥರ ಬರೆಯುತ್ತಾರೆ, ಕನ್ನಡದಲ್ಲೂ ಹುಡುಕುತ್ತಾರೆ. ಕನ್ನಡದಲ್ಲಿ ನೆಟ್ಟಗಿನ ಪುಟ ಬರೆದು ಇಟ್ಟವರು ಕಡಿಮೆ, ಆ ಜಾಗಕ್ಕೆ ಪೈಪೋಟಿಯೂ ಕಡಿಮೆ.

ಅಜ್ಜಂಪುರದ ಪಂಪ್‌ಸೆಟ್ ರಿಪೇರಿ ಅಂಗಡಿಯವರಿಗೂ ಇಂಥದೇ ಫೋನ್ ಬಂದಿತ್ತು. ಅವರಿಗೆ ವೆಬ್‌ಸೈಟೇ ಇಲ್ಲ! ಬೋರ್‌ವೆಲ್ ಮೋಟರ್ ಸುಟ್ಟ ರೈತ ಲೇಖನ ಓದುತ್ತಾ ಕೂರುವುದಿಲ್ಲ, ಹತ್ತಿರದ ಅಂಗಡಿಯ ನಂಬರ್ ಹುಡುಕುತ್ತಾನೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಅಂಗಡಿಯ ಫೋಟೊ, ಸರಿಯಾದ ನಂಬರ್, ತೆರೆಯುವ ಹೊತ್ತು ಹಾಕಿದರೆ ಅವರ ಮಟ್ಟಿಗೆ ಕೆಲಸ ಮುಗಿಯಿತು. ಅಜ್ಜಂಪುರ ತಾಲ್ಲೂಕಾಗಿ ವರ್ಷಗಳೇ ಆದರೂ ಅವರ ವಿಳಾಸ ಹಲವು ಕಡೆ ಇನ್ನೂ ‘ತರೀಕೆರೆ ತಾಲ್ಲೂಕು’ ಅಂತಲೇ ಇತ್ತು. ಅದನ್ನು ತಿದ್ದಿಸಿದ್ದಷ್ಟೇ ನನ್ನ ಸಹಾಯ.

ಹಾಗಂತ ಲಿಂಕು ತರುವ ಕೆಲಸಕ್ಕೆ ಜನ ಇಟ್ಟುಕೊಳ್ಳುವುದು ಯಾರಿಗೂ ಬೇಡ ಅಂತಲ್ಲ. ಕಡೂರಿನ ಹತ್ತಿರ ಮರದ ಗಾಣ ಇಟ್ಟುಕೊಂಡು ಕೊಬ್ಬರಿ ಎಣ್ಣೆ, ಉಂಡೆ ಕೊಬ್ಬರಿ ಮಾರುವ ಗಂಡ ಹೆಂಡತಿ ಇದ್ದಾರೆ. ಅವರ ಗಿರಾಕಿ ಮೈಸೂರಿನಲ್ಲೂ ಇರಬಹುದು, ಪುಣೆಯಲ್ಲೂ ಇರಬಹುದು. ದೊಡ್ಡ ಕಂಪನಿಗಳ ಜೊತೆ ಒಂದೇ ಪುಟದಲ್ಲಿ ಪೈಪೋಟಿ. ಅಲ್ಲಿ ಬೇರೆಯವರ ಮಾತು ನಿಜವಾಗಿ ಬೇಕಾಗುತ್ತದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗುಡುಗುಡು ಅನ್ನುವ ಕೊಬ್ಬರಿಯ ಕಥೆಯನ್ನು ಅಡುಗೆ ಬರಹಗಾರರಿಗೆ, ಪತ್ರಿಕೆಗಳಿಗೆ ಮುಟ್ಟಿಸುವವರು ಒಬ್ಬರು ಬೇಕು. ಇದು ಸಂಬಳ ಕೊಡಬೇಕಾದ ಕೆಲಸವೇ.

ಅವರಿಗೆ ಒಪ್ಪಂದ ಬರೆಸುವಾಗ ನಾನು ಹಟ ಹಿಡಿದದ್ದು ಕೆಲವಕ್ಕೆ. ದುಡ್ಡು ಲಿಂಕಿನ ಲೆಕ್ಕಕ್ಕಲ್ಲ, ತಿಂಗಳ ಕೆಲಸಕ್ಕೆ, ಅದೂ ತಿಂಗಳು ಮುಗಿದ ಮೇಲೆ. ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಅಂತ ಗೂಗಲ್‌ನವರೇ ಹೇಳಿರುವುದರಿಂದ ಒಂದು ತಿಂಗಳು ನೋಡಿ ಬಿಡುವುದು ದಡ್ಡತನ, ಅದೇ ನೆಪದಲ್ಲಿ ವರ್ಷದ ದುಡ್ಡು ಮುಂಗಡ ಕೇಳಿದರೆ ಕೊಡುವುದೂ ಸಲ್ಲದು. ಡೊಮೇನ್ (ಸೈಟಿನ ವಿಳಾಸ), ಸೈಟಿನ ಸ್ಥಿತಿಗತಿ ತೋರಿಸುವ ಗೂಗಲ್ಲಿನ ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರೂ ಮಾಲೀಕರ ಇ-ಮೇಲಿನಲ್ಲಿಯೇ ಇರಬೇಕು. ಏಜೆನ್ಸಿಯವರ ಹೆಸರಿನಲ್ಲಿದ್ದು, ಜಗಳವಾಗಿ ಅಂಗಡಿಯ ವಿಳಾಸವನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ. ಯಾರಿಗೆ ಬರೆದಿರಿ, ಯಾರು ಹಾಕಿದರು, ಯಾರು ಬೇಡ ಅಂದರು, ಪಟ್ಟಿ ತಿಂಗಳ ಕೊನೆಗೆ ಕೈಗೆ ಬರಬೇಕು. ‘ಬೇಡ ಅಂದವರು’ ಅನ್ನುವ ಕಾಲಂ ಖಾಲಿ ಇದ್ದರೆ ನನಗೆ ಅನುಮಾನ, ಏಕೆಂದರೆ ದುಡ್ಡು ತೆಗೆದುಕೊಳ್ಳುವ ಸೈಟುಗಳು ಮಾತ್ರ ಯಾರಿಗೂ ಬೇಡ ಅನ್ನುವುದಿಲ್ಲ.

‘ಈ ಬಿಲ್ಲಿನಿಂದ ಟ್ಯಾಕ್ಸ್ ಆದ್ರೂ ಉಳಿಯುತ್ತಲ್ಲ ಸಾರ್’ ಅಂದರು ಗಾಣದ ಮನೆಯಾಕೆ. ಇಲ್ಲ. ವಹಿವಾಟಿನ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಲಾಭ ಅಂತ ತೋರಿಸಿ ರಿಟರ್ನ್ ಹಾಕುವವರು ಅವರು. ಆ ಪದ್ಧತಿಯಲ್ಲಿ ಖರ್ಚನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಪೂರ್ತಿ ದುಡ್ಡು ಸ್ವಂತ ಜೇಬಿನದೇ.

ಈಗಾಗಲೇ ಪ್ಯಾಕೇಜ್ ಕೊಂಡು ಕೂತವರು ಗಾಬರಿಯಾಗಬೇಕಿಲ್ಲ. ಇಂಥ ಲಿಂಕುಗಳನ್ನು ಗೂಗಲ್ ಬಹುಮಟ್ಟಿಗೆ ಲೆಕ್ಕಕ್ಕೇ ಹಿಡಿಯದೆ ಬಿಡುತ್ತದೆ. ದುಡ್ಡು ಹೋಯಿತು, ಸೈಟು ಉಳಿಯಿತು. ನಿಜವಾಗಿ ದಂಡನೆ ಹಾಕಿದ್ದರೆ ಸರ್ಚ್ ಕನ್ಸೋಲಿನಲ್ಲಿ ‘ಮ್ಯಾನ್ಯುಯಲ್ ಆ್ಯಕ್ಷನ್’ ಅಂತ ನೋಟಿಸ್ ಬಂದಿರುತ್ತದೆ. ಅದಿಲ್ಲದೆ ‘ನಿಮ್ಮ ವಿಷದ ಲಿಂಕು ತೆಗೆಸಿಕೊಡ್ತೀವಿ’ ಅಂತ ಫೋನ್ ಬಂದರೆ ಅದೂ ಹೊಸದೊಂದು ಪ್ಯಾಕೇಜು, ಹಲವು ಸಲ ಅದೇ ಅಂಗಡಿಯದು.

ಹೇಳಿದ್ದನ್ನು ಮಾಡಿಕೊಡದೆ ದುಡ್ಡು ನುಂಗಿದ್ದರೆ, ಸ್ವಂತ ದುಡಿಮೆಯಲ್ಲಿ ಹೊಟ್ಟೆ ಹೊರೆಯುವ ಸಣ್ಣ ವ್ಯಾಪಾರಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಾನು ಗ್ರಾಹಕ ಅಂತ ವಾದಿಸಬಹುದು. ಮಾರಿದವರು ಯಾವ ಊರಿನವರಾದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ, ನಮ್ಮ ಕಡೆಯವರಾದರೆ ಚಿಕ್ಕಮಗಳೂರಿನಲ್ಲೇ ದೂರು ಕೊಡಬಹುದು, ಆನ್‌ಲೈನಿನಲ್ಲೂ ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು. ಕೊಟೇಶನ್, ಬಿಲ್ಲು, ‘ಮೊದಲ ಪುಟ ಗ್ಯಾರಂಟಿ’ ಅಂದ ವಾಟ್ಸಾಪ್ ಮೆಸೇಜು, ಯಾವುದನ್ನೂ ಅಳಿಸಬೇಡಿ. ಫೋನಿನಲ್ಲಿ ಹೇಳಿದ್ದಾದರೆ, ‘ನೀವು ಹೀಗೆ ಹೇಳಿದಿರಲ್ಲ’ ಅಂತ ಅದೇ ದಿನ ಅವರಿಗೊಂದು ಮೆಸೇಜು ಹಾಕಿ ಇಟ್ಟುಕೊಳ್ಳಿ.